ಮಯೋರ್ಕಾ ಹತ್ರ ಡ್ರಗೊನೇರಾ ದ್ವೀಪ: ಅಪ್ಪ ಅಮ್ಮ, ಮಗಳ ಜೊತೆ ಒಂದು ದಿನಕ್ಕೆ ಹೋಗಬಹುದಾ?

ಮಲೆನಾಡು_ಮ್ಯೂನಿಕ್:
ಎಲ್ಲರಿಗೂ ನಮಸ್ಕಾರ. ನಾವಿರೋದು ಮ್ಯೂನಿಕ್‌ನಲ್ಲಿ, ಸೆಪ್ಟೆಂಬರ್ ಮೊದಲ ವಾರ ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋಗ್ತಿದೀವಿ, ಊರಿಂದ ಅಪ್ಪ ಅಮ್ಮನೂ ಬಂದಿರ್ತಾರೆ, ಮಗಳಿಗೆ ಏಳು ವರ್ಷ. ವಾರಪೂರ್ತಿ ಬೀಚಲ್ಲೇ ಕೂರೋಕೆ ಯಾರಿಗೂ ಮನಸ್ಸಿಲ್ಲ. ಅಪ್ಪಂಗೆ ಹಕ್ಕಿ ಅಂದ್ರೆ ಪ್ರಾಣ, ಅಮ್ಮಂಗೆ ಮೊಣಕಾಲು ನೋವು ಆದ್ರೆ ಸಮತಟ್ಟಾಗಿದ್ರೆ ನಿಧಾನಕ್ಕೆ ನಡೀತಾರೆ. ಪಶ್ಚಿಮದ ತುದೀಲಿ ಡ್ರಗೊನೇರಾ ಅಂತ ಜನವಸತಿ ಇಲ್ಲದ ದ್ವೀಪ ಇದೆ, ದಕ್ಷಿಣಕ್ಕೆ ಕಬ್ರೆರಾ ಅಂತ ಇನ್ನೊಂದು, ಎರಡರಲ್ಲಿ ಒಂದಕ್ಕೆ ಮಾತ್ರ ಟೈಮ್ ಇದೆ. ಹೋಗಿ ಬಂದವರು ಯಾರಾದ್ರೂ ಇದ್ರೆ ಯಾವುದು, ಹೇಗೆ, ಊಟಕ್ಕೇನು ಅಂತ ಸ್ವಲ್ಪ ಹೇಳ್ತೀರಾ?

ಹಕ್ಕಿ_ಹಿಂದೆ:
ಡ್ರಗೊನೇರಾ, ಯೋಚನೆನೇ ಬೇಡ. ಅದೂ ಸೆಪ್ಟೆಂಬರ್ ಅಂದ್ರೆ ನಿಮ್ಮಪ್ಪ ಅದೃಷ್ಟವಂತರು. ಅಲ್ಲಿ ಎಲಿಯನೋರಾ ಫಾಲ್ಕನ್ ಅಂತ ಒಂದು ಚಾಣ ಇದೆ, ಮಡಗಾಸ್ಕರ್‌ನಲ್ಲಿ ಚಳಿಗಾಲ ಕಳೆದು ವಸಂತದಲ್ಲಿ ಮೆಡಿಟರೇನಿಯನ್‌ಗೆ ಬರುತ್ತೆ, ಆದ್ರೆ ಬೇರೆ ಹಕ್ಕಿಗಳ ಥರ ಆಗಲೇ ಮರಿ ಮಾಡಲ್ಲ, ಬೇಸಿಗೆ ಮುಗಿಯೋವರೆಗೂ ಕಾಯುತ್ತೆ. ಯಾಕಂದ್ರೆ ಯುರೋಪಿನ ಸಣ್ಣ ಹಕ್ಕಿಗಳೆಲ್ಲ ಆಫ್ರಿಕಾ ಕಡೆಗೆ ಹೊರಡೋದೇ ಆಗಸ್ಟ್ ಸೆಪ್ಟೆಂಬರ್‌ನಲ್ಲಿ, ಅವು ಸುಸ್ತಾಗಿ ಸಮುದ್ರ ದಾಟುವಾಗ ಇವು ಗಾಳೀಲೇ ಹಿಡಿದು ಮರಿಗಳಿಗೆ ತಿನ್ನಿಸುತ್ತವೆ. ಅಂದ್ರೆ ನೀವು ಹೋಗೋ ಟೈಮಿಗೆ ಗೂಡಲ್ಲಿ ಮರಿಗಳಿರ್ತವೆ, ದೊಡ್ಡವು ಬೇಟೆಗೆ ಓಡಾಡ್ತಿರ್ತವೆ. ಗೂಡುಗಳಿರೋದು ವಾಯವ್ಯದ ಕಡಿದಾದ ಬಂಡೆಗಳಲ್ಲಿ, ಹತ್ರ ಹೋಗೋಕಾಗಲ್ಲ, ಹೋಗಲೂಬಾರದು, ಆದ್ರೆ ದಾರೀಲಿ ನಿಂತು ಆಕಾಶ ನೋಡ್ತಿದ್ರೆ ಸಾಕು. ಬೈನಾಕ್ಯುಲರ್ ಮರೀಬೇಡಿ.

ಹೋಗೋದು ಸುಲಭ. ಮಯೋರ್ಕಾದ ರಾಜಧಾನಿ ಪಾಲ್ಮಾದಿಂದ ಅಂಡ್ರಾಚ್ ಊರು, ಅಲ್ಲಿಂದ ಸಾಂತ್ ಎಲ್ಮ್ ಅನ್ನೋ ಪುಟ್ಟ ಊರು, ಅಲ್ಲಿಂದ ಬೋಟಲ್ಲಿ ಕಾಲು ಗಂಟೆಗೆ ಕಾಲಾ ಯಾಡೋ ಅನ್ನೋ ಸಣ್ಣ ಬಂದರಿಗೆ ಬಿಡ್ತಾರೆ. ಇಳಿದ ತಕ್ಷಣ ವಾಪಸ್ ಬೋಟಿನ ಟೈಮ್ ಕೇಳ್ಕೊಳಿ, ಕೊನೆ ಬೋಟಿಗೆ ಅಂತ ಕೂರಬೇಡಿ, ಗಾಳಿ ಎದ್ರೆ ಅವರ ಟೈಮಿಂಗ್ ಬದಲಾಗುತ್ತೆ. ದ್ವೀಪದ ಉದ್ದ ನಾಲ್ಕು ಕಿ.ಮೀ. ಸ್ವಲ್ಪ ಮೇಲೆ, ಅಗಲ ಒಂದು ಕಿ.ಮೀ. ಕೂಡ ಇಲ್ಲ. ಹೋಟೆಲ್ ಇಲ್ಲ, ಅಂಗಡಿ ಇಲ್ಲ, ನೀರು ಊಟ ಎಲ್ಲ ನೀವೇ ಹೊತ್ಕೊಂಡು ಹೋಗ್ಬೇಕು, ಕಸನೂ ನೀವೇ ವಾಪಸ್ ತರಬೇಕು.

ಉಪ್ಪುಗಾಳಿ:
ಮೇಲಿನವರು ಹಕ್ಕಿ ಬಗ್ಗೆ ಹೇಳಿದ್ದಾರೆ, ನಾನು ಹಲ್ಲಿ ಬಗ್ಗೆ ಹೇಳ್ತೀನಿ, ಯಾಕಂದ್ರೆ ನಿಮ್ಮ ಮಗಳಿಗೆ ಇಷ್ಟ ಆಗೋದು ಅದೇ. ಬೋಟಿಂದ ಇಳಿದ ಕೂಡ್ಲೇ ಕಾಲ ಹತ್ರ ಓಡ್ಬರ್ತವೆ, ಹೆದರಿಕೆನೇ ಇಲ್ಲ. ಲಿಲ್‌ಫೋರ್ಡ್ ಹಲ್ಲಿ ಅಂತಾರೆ, ಹಿಂದೆ ಮಯೋರ್ಕಾ ದೊಡ್ಡ ದ್ವೀಪದಲ್ಲೂ ಇತ್ತಂತೆ, ಮನುಷ್ಯರ ಜೊತೆ ಹಾವು ಮತ್ತೆ ಬೇಟೆ ಪ್ರಾಣಿಗಳು ಬಂದ ಮೇಲೆ ಅಲ್ಲಿ ಪೂರ್ತಿ ನಾಶ ಆಯ್ತು, ಈಗ ಸುತ್ತಲಿನ ಪುಟ್ಟ ದ್ವೀಪಗಳಲ್ಲಿ ಮಾತ್ರ ಉಳಿದಿದೆ. ಬ್ಯಾಗ್ ತೆರೆದಿಟ್ರೆ ಒಳಗೇ ಹೋಗ್ತವೆ, ದಯವಿಟ್ಟು ಬಿಸ್ಕೆಟ್ ಹಾಕಬೇಡಿ, ಎಷ್ಟು ಮುದ್ದಾಗಿ ಕಂಡ್ರೂ ಬೇಡ.

ಇನ್ನೊಂದು ವಿಷ್ಯ, ಹೋಗೋ ಮುಂಚೆ ನಿಮ್ಮ ಮನೆಯವರಿಗೆ ಹೇಳಿ. ಈ ದ್ವೀಪ ಹೀಗೆ ಖಾಲಿ ಉಳಿದಿದ್ದು ತಾನಾಗೇ ಅಲ್ಲ. 70ರ ದಶಕದಲ್ಲಿ ಒಂದು ಕಂಪನಿ ಇದನ್ನ ಕೊಂಡು ಮನೆಗಳು, ದೋಣಿ ಬಂದರು ಎಲ್ಲ ಕಟ್ಟೋಕೆ ಹೊರಟಿತ್ತು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ಸತ್ತು ಎರಡು ವರ್ಷ ಆಗಿರಲಿಲ್ಲ, 1977ರ ಜುಲೈನಲ್ಲಿ ಯುವಕ ಯುವತಿಯರ ಗುಂಪೊಂದು ದ್ವೀಪಕ್ಕೆ ಹೋಗಿ ಅಲ್ಲೇ ಠಿಕಾಣಿ ಹೂಡ್ತು, ಗೋಬ್ ಅನ್ನೋ ಅಲ್ಲಿನ ಪಕ್ಷಿ ಮತ್ತು ಪರಿಸರ ಸಂಘ ವರ್ಷಗಟ್ಟಲೆ ಹೋರಾಡ್ತು, ಕೋರ್ಟಿಗೂ ಹೋಯ್ತು, ಕೊನೆಗೆ 1987ರಲ್ಲಿ ಮಯೋರ್ಕಾದ ದ್ವೀಪ ಸರ್ಕಾರನೇ ಅದನ್ನ ಕೊಂಡ್ಕೊಂಡಿತು, 1995ರಲ್ಲಿ ನ್ಯಾಚುರಲ್ ಪಾರ್ಕ್ ಆಯ್ತು. ಎದುರು ದಡದಲ್ಲಿ ಹೋಟೆಲ್ ಸಾಲು ಕಾಣ್ತಿರುತ್ತೆ, ಈ ಕಡೆ ಕುರುಚಲು ಗಿಡ ಬಿಟ್ರೆ ಏನಿಲ್ಲ, ಆ ವ್ಯತ್ಯಾಸ ನೋಡಿದ್ರೆ ನಂಗೆ ಈಗ್ಲೂ ಆ ಹುಡುಗರ ಮೇಲೆ ಗೌರವ ಬರುತ್ತೆ. ಪಾರ್ಕ್ ಆದ ಮೇಲೂ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ, ಬಾಲಿಯಾರಿಕ್ ಶಿಯರ್‌ವಾಟರ್ ಅಂತ ಅಳಿವಿನ ಅಂಚಿನಲ್ಲಿರೋ ಕಡಲಹಕ್ಕಿ ಬಿಲದಲ್ಲಿ ಗೂಡು ಮಾಡುತ್ತೆ, ಅದರ ಮೊಟ್ಟೆ ಮರೀನ ಇಲಿಗಳು ತಿಂತಿದ್ವು, 2011ರಲ್ಲಿ ಹೆಲಿಕಾಪ್ಟರ್‌ನಿಂದ ವಿಷ ಹಾಕಿ ಇಲಿಗಳನ್ನ ತೆಗೆದ್ರು.

ದೀಪದ_ಕೆಳಗೆ:
ಎಲ್ಲಾ ಸರಿ, ಆದ್ರೆ ಏಳು ವರ್ಷದ ಮಗು ಮತ್ತೆ ಮೊಣಕಾಲು ನೋವಿರೋ ಅಮ್ಮ ಇದ್ದಾಗ ಯಾವ ದಾರಿ ಅಂತ ಹೇಳ್ಬೇಕಲ್ವಾ. ಈಶಾನ್ಯ ತುದೀಲಿರೋ ಟ್ರಮುಂಟಾನಾ ದೀಪಸ್ತಂಭದ ಕಡೆ ಹೋಗಿ, ಅಗಲದ ದಾರಿ, ಎರಡು ಕಿ.ಮೀ. ಒಳಗೇ, ಹೆಚ್ಚು ಏರಿಲ್ಲ. ನೈಋತ್ಯ ತುದಿಯ ಯೆಬೆಚ್ ದೀಪಸ್ತಂಭದ ದಾರಿ ಚಂದ ಇದೆ, ಟಾರ್ ರಸ್ತೆನೇ, ಆದ್ರೆ ಒಂದು ಕಡೆಗೇ ನಾಲ್ಕು ಕಿ.ಮೀ. ಮೇಲೆ, ನೆರಳು ಕಮ್ಮಿ, ಸೆಪ್ಟೆಂಬರ್ ಮಧ್ಯಾಹ್ನ ಹಿರಿಯರಿಗೆ ಬೇಡ. ದ್ವೀಪದ ಅತಿ ಎತ್ತರದ ಶಿಖರ ‘ನಾ ಪೋಪಿಯಾ’ ಅಂತೂ ನಿಮ್ಮಪ್ಪ ಆಸೆ ಪಟ್ರೆ ನೀವಿಬ್ರೇ ಬೆಳಿಗ್ಗೆ ಮೊದಲ ಬೋಟಿಗೆ ಹೋಗಿ ಹತ್ತಿ, 350 ಮೀಟರ್ ಎತ್ತರ, ಮೇಲೆ ಹಳೇ ದೀಪಸ್ತಂಭದ ಪಾಳು ಇದೆ. ಅಷ್ಟು ಎತ್ತರದಲ್ಲಿ ಕಟ್ಟಿದ್ದೇ ಅದಕ್ಕೆ ಮುಳುವಾಯ್ತು, ಮೋಡ ಮಂಜು ಮುಚ್ಕೊಂಡು ಹಡಗಿನವರಿಗೆ ಬೆಳಕೇ ಕಾಣ್ತಿರಲಿಲ್ಲ, ಅದಕ್ಕೇ 1910ರಲ್ಲಿ ಅದನ್ನ ನಿಲ್ಲಿಸಿ ಎರಡೂ ತುದೀಲಿ ಕೆಳಗೆ ಹೊಸ ದೀಪ ಹಾಕಿದ್ರು.

ಕಬ್ರೆರಾ ಬಗ್ಗೆ ಯಾರೂ ಹೇಳ್ಲಿಲ್ಲ. ಅದು 1991ರಿಂದ ನ್ಯಾಷನಲ್ ಪಾರ್ಕ್, ಕೊಲೋನಿಯಾ ದೆ ಸಾಂತ್ ಜೋರ್ಡಿ ಇಂದ ಬೋಟ್. ಕೋಟೆ ಇದೆ, ನೀರು ಅದ್ಭುತ, ನೆಪೋಲಿಯನ್ ಯುದ್ಧದ ಟೈಮಲ್ಲಿ ಸೆರೆಸಿಕ್ಕ ಫ್ರೆಂಚ್ ಸೈನಿಕರನ್ನ 1809ರಿಂದ 1814ರವರೆಗೆ ಅಲ್ಲಿ ಬಿಟ್ಟು ಸಾವಿರಾರು ಜನ ಹಸಿವಿಂದ ರೋಗದಿಂದ ಸತ್ತ ಜಾಗನೂ ಅದೇ. ಆದ್ರೆ ತೆರೆದ ಸಮುದ್ರದಲ್ಲಿ ತುಂಬಾ ದೂರ, ಬೋಟ್ ಕುಲುಕುತ್ತೆ, ವಾಂತಿ ಬರೋರಿದ್ರೆ ಕಷ್ಟ. ನಿಮ್ಮ ಗುಂಪಿಗೆ ನಾನೂ ಡ್ರಗೊನೇರಾನೇ ಅಂತೀನಿ.

ಮಲೆನಾಡು_ಮ್ಯೂನಿಕ್:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ, ಚಾಣದ ವಿಷಯ ಅಪ್ಪಂಗೆ ಫೋನಲ್ಲಿ ಓದಿ ಹೇಳಿದೆ, ಈಗಲೇ ಬೈನಾಕ್ಯುಲರ್ ಒರೆಸ್ತಾ ಕೂತಿದ್ದಾರೆ. ಅಮ್ಮ ಮಗಳು ಟ್ರಮುಂಟಾನಾ ಕಡೆ, ನಾನು ಅಪ್ಪ ಶಿಖರಕ್ಕೆ, ನಮ್ಮನೆಯವರು ಅಮ್ಮನ ಜೊತೆ ಅಂತ ತೀರ್ಮಾನ ಆಯ್ತು. ಒಂದೇ ಡೌಟು, ಸಾಂತ್ ಎಲ್ಮ್‌ನಲ್ಲಿ ಮಗಳು ಸ್ವಲ್ಪ ಹೊತ್ತು ನೀರಲ್ಲಿ ಆಡಬಹುದಾ? ಫೋಟೋದಲ್ಲಿ ದಡದ ತುಂಬಾ ಕಂದು ಬಣ್ಣದ ಕಸ ಕಾಣ್ತು.

ಉಪ್ಪುಗಾಳಿ:
ಆಡಬಹುದು, ಮರಳಿನ ಬೀಚ್ ಇದೆ. ಅದು ಕಸ ಅಲ್ಲ, ಪೊಸಿಡೋನಿಯಾ ಅನ್ನೋ ಕಡಲಹುಲ್ಲಿನ ಒಣಗಿದ ಎಲೆ. ಪಾಚಿ ಅಲ್ಲ, ಬೇರು ಹೂವು ಎಲ್ಲ ಇರೋ ಗಿಡ, ನೀರು ಅಷ್ಟು ತಿಳಿಯಾಗಿರೋದಕ್ಕೆ ಅದೂ ಒಂದು ಕಾರಣ, ದಡಕ್ಕೆ ಬಿದ್ದ ಎಲೆ ಚಳಿಗಾಲದ ಅಲೆಗೆ ಮರಳು ಕೊಚ್ಚಿ ಹೋಗದ ಹಾಗೆ ತಡೆಯುತ್ತೆ. ನೀರೊಳಗೆ ಬೆಳೆದಿರೋ ಆ ಹುಲ್ಲಿನ ಮೇಲೆ ದೋಣಿಗಳು ಲಂಗರು ಹಾಕೋ ಹಾಗೂ ಇಲ್ಲ ಅಲ್ಲಿ. ಮಗಳು ದಡದ ಒಣ ಎಲೆ ಮೇಲೆ ನಡೀಲಿ, ಮೆತ್ತಗಿರುತ್ತೆ. ಬೀಚಿಂದ ಕಾಣೋ ಪುಟ್ಟ ದ್ವೀಪ ಪಂಟಲೇಉ, 1229ರಲ್ಲಿ ಅರಗಾನ್ ರಾಜ್ಯದ ರಾಜ ಮೊದಲನೇ ಜೌಮೆ ಮಯೋರ್ಕಾ ಗೆಲ್ಲೋಕೆ ಬಂದಾಗ ಮೊದಲು ತಂಗಿದ್ದು ಅಲ್ಲೇ. ಊಟಕ್ಕೆ ಚಪಾತಿ ಪಲ್ಯ ಕಟ್ಕೊಂಡು ಹೋಗಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಹಿಂದಿನ ದಿನ ಸಂಜೆ ಗಾಳಿ ಹೇಗಿದೆ ಅಂತ ಬೋಟಿನವರಿಗೆ ಒಂದು ಫೋನ್ ಮಾಡಿ.