ವೆಬ್‌ಸ್ಫಿಯರ್: ಸಿಪಿಯು ಖಾಲಿ, ಆದರೂ ಪುಟ ತೆರೆಯುತ್ತಿಲ್ಲ

ಪ್ರಶ್ನೆ (ಮೈಸೂರು, ಹೆಬ್ಬಾಳ):
ವೆಬ್‌ಸ್ಫಿಯರ್ (ಐಬಿಎಂನ ಅಪ್ಲಿಕೇಶನ್ ಸರ್ವರ್) ಮೇಲೆ ಓಡುವ ಬಿಲ್ಲಿಂಗ್ ಅಪ್ಲಿಕೇಶನ್ ದಿನಾ ಬೆಳಿಗ್ಗೆ 11ರ ಹೊತ್ತಿಗೆ ನಿಂತೇ ಹೋಗುತ್ತೆ. ಸಿಪಿಯು 20% ದಾಟಲ್ಲ. ಪಿಎಂಐನಲ್ಲಿ (ಸರ್ವರ್ ಹೇಗೆ ಓಡುತ್ತಿದೆ ಎಂದು ಅಳೆಯುವ ಅದರದ್ದೇ ವ್ಯವಸ್ಥೆ) ಎಲ್ಲಾ ಅಂಕಿಅಂಶ ಆನ್ ಮಾಡಬೇಕಾ?

ಉತ್ತರ 1:
ಬೇಡ ಸಾರ್. ಪಿಎಂಐ ಮಟ್ಟ 'ಆಲ್' ಇಟ್ಟರೆ ಎಣಿಕೆಯೇ ಸರ್ವರ್‌ಗೆ ಹೊರೆ. 'ಬೇಸಿಕ್' ಸಾಕು. ಅಡ್ಮಿನ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವ್ಯೂಯರ್‌ನಲ್ಲಿ ಕರೆಂಟ್ ಆಕ್ಟಿವಿಟಿ ತೆರೆದು ಜೆಡಿಬಿಸಿ ಪೂಲ್ (ಡೇಟಾಬೇಸ್ ಕನೆಕ್ಷನ್‌ಗಳ ಸಂಗ್ರಹ) ನೋಡಿ. ಫ್ರೀ ಪೂಲ್ ಸೈಜ್ (ಬಿಡುವಾಗಿರುವ ಕನೆಕ್ಷನ್) 0 ಇದ್ದು, ವೇಟಿಂಗ್ ಥ್ರೆಡ್ ಕೌಂಟ್ (ಕಾಯುತ್ತಿರುವ ಥ್ರೆಡ್, ಅಂದರೆ ಒಂದೊಂದು ಕೆಲಸ ನಡೆಸುವ ಎಳೆ) ಏರುತ್ತಲೇ ಇದ್ದರೆ ಥ್ರೆಡ್‌ಗಳು ಕನೆಕ್ಷನ್‌ಗೆ ಸಾಲುಗಟ್ಟಿವೆ ಎಂದರ್ಥ. ಕಾಯುವ ಥ್ರೆಡ್ ಸಿಪಿಯು ತಿನ್ನಲ್ಲ. ಡೀಫಾಲ್ಟ್‌ನಲ್ಲಿ ವೆಬ್ ಕಂಟೇನರ್ (ಪುಟದ ಕೋರಿಕೆ ನೋಡಿಕೊಳ್ಳುವ ಭಾಗ) ಥ್ರೆಡ್ 50, ಕನೆಕ್ಷನ್ ಬರೀ 10. 180 ಸೆಕೆಂಡ್ ಕಾದು ಸಿಗದಿದ್ದರೆ ಲಾಗ್‌ನಲ್ಲಿ ಜೆ2ಸಿಎ0045ಇ (ಕನೆಕ್ಷನ್ ಸಿಗಲಿಲ್ಲ ಎಂಬ ದೋಷ ಸಂಕೇತ) ಬೀಳುತ್ತೆ.

ಉತ್ತರ 2 (ಮಂಡ್ಯ):
ಹಾಗಂತ ಪೂಲ್‌ನಲ್ಲಿ 10 ಕನೆಕ್ಷನ್ ಇರೋದನ್ನ ತಕ್ಷಣ 50 ಮಾಡಬೇಡಿ, ದಯವಿಟ್ಟು. ಮೊದಲು ಯೂಸ್ ಟೈಮ್ (ಒಂದು ಕನೆಕ್ಷನ್ ಬಳಕೆಯಲ್ಲಿರುವ ಸಮಯ) ನೋಡಿ; ಅದು ಮಿಲಿಸೆಕೆಂಡ್‌ನಲ್ಲಿರುತ್ತೆ. ಏರಿದ್ದರೆ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಿಧಾನ ಇರಬಹುದು. ಬಳಕೆದಾರರು ಕಡಿಮೆಯಾದ ಮೇಲೂ ಪರ್ಸೆಂಟ್ ಯೂಸ್ಡ್ (ಪೂಲ್‌ನಲ್ಲಿ ಬಳಕೆಯಲ್ಲಿರುವ ಪಾಲು) ಇಳಿಯದಿದ್ದರೆ ಕೋಡ್‌ನಲ್ಲೆಲ್ಲೋ ಕನೆಕ್ಷನ್ ಕ್ಲೋಸ್ ಆಗುತ್ತಿಲ್ಲ. ಆಗ ಪೂಲ್ ದೊಡ್ಡದು ಮಾಡಿದರೆ 11ಕ್ಕೆ ನಿಲ್ಲೋದು ಮಧ್ಯಾಹ್ನ ನಿಲ್ಲುತ್ತೆ, ಅಷ್ಟೇ.

ಪ್ರಶ್ನೆ ಕೇಳಿದವರು:
ಪಿಎಂಐ ಮಟ್ಟ ಬದಲಿಸಿದರೆ ರೀಸ್ಟಾರ್ಟ್ ಬೇಕಾ?

ಉತ್ತರ 1:
ರನ್‌ಟೈಮ್ ಟ್ಯಾಬ್‌ನಲ್ಲಿ ಬದಲಿಸಿದರೆ ಬೇಡ. ಕಾನ್ಫಿಗರೇಶನ್ ಟ್ಯಾಬ್‌ನಲ್ಲಾದರೆ ಬೇಕು.