ಪದಚರ್ಚೆ: ಗಾಂಜಾ ಕೇಸಿನಲ್ಲಿ ‘ಬಿಡುಗಡೆ’ ಅಂದರೆ ಯಾವ ಬಿಡುಗಡೆ?

ಗೆಳೆಯರೇ,

ಕಾಲೇಜು ಹುಡುಗರಿಗಾಗಿ ಒಂದು ಕರಪತ್ರ ತಿದ್ದುತ್ತಿದ್ದೇನೆ. ಮೊದಲ ಸಲ ಗಾಂಜಾ ಸೇದಿ ಸಿಕ್ಕಿಬಿದ್ದರೆ ಕಾನೂನಿನಲ್ಲಿ ಏನು ದಾರಿ ಅನ್ನುವುದು ವಿಷಯ. ವಕೀಲರು ಕೊಟ್ಟ ಕರಡಿನ ತುಂಬಾ ‘ಬಿಡುಗಡೆ’ಯೇ. ಪತ್ರಿಕೆಗಳಲ್ಲೂ ಹಾಗೇ ಅಲ್ವಾ? ಜಾಮೀನು ಸಿಕ್ಕರೂ ಬಿಡುಗಡೆ, ಖುಲಾಸೆಯಾದರೂ ಬಿಡುಗಡೆ. ಓದಿದ ಅಪ್ಪ ಅಮ್ಮ ಕೇಸೇ ಮುಗಿಯಿತು ಅಂದುಕೊಳ್ಳುತ್ತಾರೆ.

ಈ ಎರಡಕ್ಕೆ ಬೇರೆ ಬೇರೆ ಪದ ಇದೆ, ಬಳಸಿದರಾಯಿತು. ನನಗೆ ತಲೆನೋವಾಗಿರುವುದು 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕವಸ್ತುಗಳ ಮೇಲಿನ ಕೇಂದ್ರ ಕಾನೂನಿನ, ಎರಡು ಸೆಕ್ಷನ್‌ಗಳು.

ಒಂದು, 64ಎ. ಸೇವನೆಯ ಅಥವಾ ‘ಅಲ್ಪ ಪ್ರಮಾಣ’ದ (ಸರ್ಕಾರ ಗೊತ್ತುಮಾಡಿದ ಸಣ್ಣ ಮಿತಿಯೊಳಗಿನ ಮಾದಕವಸ್ತುವಿನ) ಕೇಸಿರುವ ವ್ಯಸನಿ ತಾನಾಗಿಯೇ ಮಾನ್ಯತೆಯಿರುವ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಕರಡಿನಲ್ಲಿ ಇದಕ್ಕೆ ‘ಮಾಫಿ’ ಅಂತಿದೆ. ನನಗೆ ಒಪ್ಪಿಗೆಯಿಲ್ಲ. ಕೋರ್ಟಿನಲ್ಲಿ ‘ಮಾಫಿ ಸಾಕ್ಷಿ’ ಅನ್ನುವವನು ಬೇರೆಯೇ ಇದ್ದಾನೆ, ಜೊತೆಗಾರರ ವಿರುದ್ಧ ಸಾಕ್ಷಿ ಹೇಳುವವನು. ‘ಮೊಕದ್ದಮೆಯಿಂದ ವಿನಾಯಿತಿ’ ಸಾಕಾ?

ಇನ್ನೊಂದು, 39. ಇಲ್ಲಿ ತಪ್ಪು ಸಾಬೀತಾಗಿರುತ್ತದೆ. ಆದರೂ ವಯಸ್ಸು, ನಡತೆ, ಆರೋಗ್ಯ ನೋಡಿ ಕೋರ್ಟು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ಹುಡುಗ ಒಪ್ಪಬೇಕು, ಮುಚ್ಚಳಿಕೆ ಬರೆದುಕೊಡಬೇಕು. ಇದನ್ನು ಬರೀ ‘ಬಿಡುಗಡೆ’ ಅಂದರೆ ನಿರಪರಾಧಿ ಅನ್ನುವ ಅರ್ಥ ಬಂದುಬಿಡುತ್ತದೆ. ‘ಮುಚ್ಚಳಿಕೆಯ ಮೇಲೆ ಚಿಕಿತ್ಸೆಗೆ ಕಳಿಸುವುದು’ ಅಂತ ಉದ್ದವಾಗಿಯೇ ಬರೆಯೋಣ ಅನ್ನಿಸಿದೆ.

ಎರಡರಲ್ಲೂ ಬರುವ ‘ವ್ಯಸನಿ’ ಪದವೂ ಕಾಡುತ್ತಿದೆ. ಕಾಯ್ದೆಯ ಪ್ರಕಾರ ಮಾದಕವಸ್ತುವಿಗೆ ಅಂಟಿಕೊಂಡವನು ವ್ಯಸನಿ. ಹಾಸ್ಟೆಲಿನಲ್ಲಿ ಗೆಳೆಯರ ಜೊತೆ ಸುಮ್ನೆ ಒಂದು ದಮ್ ಎಳೆದವನು ಅಲ್ಲ. ಅಂದರೆ ಅವನಿಗೆ ಈ ಎರಡೂ ದಾರಿ ಸಿಗುವುದು ಕಷ್ಟ! ಸೇವನೆಯ ಕೇಸಾದರೆ 1958ರ ಪ್ರೊಬೇಷನ್ ಕಾಯ್ದೆಯಡಿ, ಜೈಲಿಗೆ ಹಾಕದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ ಬಿಡಿ ಅಂತ ಕೋರ್ಟನ್ನು ಕೇಳಿಕೊಳ್ಳಬಹುದು. ಇಲ್ಲವಾದರೆ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಈ ಪ್ರೊಬೇಷನ್‌ಗೆ ‘ಪರಿವೀಕ್ಷಣೆ’ ಅಂತ ಬರೆದರೆ ಹುಡುಗರಿಗೆ ತಲೆಬುಡ ತಿಳಿಯುವುದಿಲ್ಲ. ‘ಪ್ರೊಬೇಷನ್’ ಅಂದರೆ ಕೆಲಸಕ್ಕೆ ಸೇರಿದ ಹೊಸದರ ನೆನಪು ಬರುತ್ತದೆ. ‘ನಡತೆಯ ಮೇಲೆ ಬಿಡುವುದು’ ಹೇಗೆ? ನನಗಂತೂ ಇದೇ ಜಾಸ್ತಿ ಇಷ್ಟ.

ಕೋರ್ಟಿನಲ್ಲಿ ಕೆಲಸ ಮಾಡುವವರು ಈ ಪಟ್ಟಿಯಲ್ಲಿದ್ದರೆ, ಕಕ್ಷಿದಾರರಿಗೆ ನೀವು ಬಾಯಿಮಾತಿನಲ್ಲಿ ಇದನ್ನು ಏನೆಂದು ಹೇಳುತ್ತೀರಿ? ಧಾರವಾಡ, ಮಂಗಳೂರು ಕಡೆಯ ಮಾತು ಬೇರೆ ಇದ್ದರೆ ಅದನ್ನೂ ಬರೆಯಿರಿ.