ಲಂಡನ್ನೋ ಫ್ರಾಂಕ್‌ಫರ್ಟೋ? ಬ್ರೆಕ್ಸಿಟ್ ಆದಮೇಲೆ ಬ್ಯಾಂಕ್ ಕೆಲಸ ಎಲ್ಲಿ ಗಟ್ಟಿ?

ಜಯನಗರ_ನಾಲ್ಕನೇ_ಬ್ಲಾಕ್:
ಬೆಂಗಳೂರಿನಲ್ಲಿ ಒಂದು ವಿದೇಶಿ ಬ್ಯಾಂಕಿನ ರಿಸ್ಕ್ ತಂಡದಲ್ಲಿ ಏಳು ವರ್ಷದಿಂದ ಇದ್ದೇನೆ. ಈಗ ಲಂಡನ್ ಅಥವಾ ಫ್ರಾಂಕ್‌ಫರ್ಟ್, ಯಾವುದಕ್ಕೆ ಹೋಗುತ್ತೀಯ ಎಂದು ಕೇಳಿದ್ದಾರೆ. ಸಂಬಳ ಹೆಚ್ಚುಕಮ್ಮಿ ಒಂದೇ. ಲಂಡನ್ ಕಥೆ ಮುಗಿಯಿತು ಎನ್ನುತ್ತಾರೆ ಚಿಕ್ಕಪ್ಪ. ಆಫೀಸಿನಲ್ಲಿ ಹೇಳುವುದು ಅದರ ಉಲ್ಟಾ. ಅಲ್ಲಿದ್ದು ಕಂಡವರು ಹೇಳಿ.

ಮೈನ್_ನದಿ_ದಂಡೆ:
ನಾನು 2019ರಲ್ಲಿ ಲಂಡನ್ ಬಿಟ್ಟು ಫ್ರಾಂಕ್‌ಫರ್ಟಿಗೆ ಬಂದವನು. "ಎರಡೇ ವರ್ಷ" ಎಂದು ಕಳಿಸಿದರು. ಇನ್ನೂ ಇಲ್ಲೇ ಇದ್ದೇನೆ.

ಯಾಕೆ ಕಳಿಸಿದರು ಅಂದರೆ, ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಇರುವವರೆಗೆ ಲಂಡನ್ನಿನ ಒಂದು ಲೈಸೆನ್ಸ್ ಇಡೀ ಯುರೋಪಿಗೆ ನಡೆಯುತ್ತಿತ್ತು. ಪಾಸ್‌ಪೋರ್ಟಿಂಗ್ ಎನ್ನುತ್ತಿದ್ದೆವು. 2020ರ ಡಿಸೆಂಬರ್ 31ಕ್ಕೆ ಅದು ನಿಂತಿತು. ಇಲ್ಲೊಂದು ಬೋರ್ಡ್ ತೂಗುಹಾಕಿ, ನಾಲ್ಕು ಜನರನ್ನು ಕೂರಿಸಿ, ವ್ಯಾಪಾರವನ್ನು ಲಂಡನ್ನಿನಿಂದಲೇ ನಡೆಸೋಣ ಎಂದುಕೊಂಡ ಬ್ಯಾಂಕುಗಳು ಕಮ್ಮಿ ಏನಿಲ್ಲ. ಯುರೋಪಿನ ಕೇಂದ್ರ ಬ್ಯಾಂಕ್, ಅಂದರೆ ಇಸಿಬಿ, ಒಪ್ಪಲಿಲ್ಲ. ಯಾವ ಟ್ರೇಡಿಂಗ್ ಡೆಸ್ಕ್ ಎಲ್ಲಿದೆ, ಅದರ ರಿಸ್ಕ್ ನೋಡುವವನು ಎಲ್ಲಿ ಕೂತಿದ್ದಾನೆ ಎಂದು ಒಂದೊಂದನ್ನೇ ಕೆದಕಿತು. ನನ್ನಂಥವರಿಗೆ, ನಿಮ್ಮಂಥವರಿಗೆ ಇಲ್ಲಿ ಕುರ್ಚಿ ಸಿಕ್ಕಿದ್ದು ಹಾಗೆ.

ಹಾಗಂತ ಫ್ರಾಂಕ್‌ಫರ್ಟ್ ಗೆದ್ದಿತು ಎನ್ನಬೇಡಿ. ನನ್ನ ಜೊತೆ ಕೂರುತ್ತಿದ್ದ ಟ್ರೇಡರ್‌ಗಳು ಪ್ಯಾರಿಸ್ಸಿಗೆ ಹೋದರು. ಫಂಡಿನವರು ಡಬ್ಲಿನ್, ಲಕ್ಸೆಂಬರ್ಗ್ ಹಿಡಿದರು. ಷೇರು ವಹಿವಾಟು ಆಮ್‌ಸ್ಟರ್‌ಡ್ಯಾಮಿಗೆ ಹಾರಿತು. 2021ರ ಜನವರಿಯಲ್ಲಿ ಅಲ್ಲಿ ದಿನಕ್ಕೆ ಸರಾಸರಿ 920 ಕೋಟಿ ಯೂರೋ, ಲಂಡನ್ನಿನಲ್ಲಿ 860 ಕೋಟಿ. ಆದರೆ ಹೋಗಿದ್ದು ವಹಿವಾಟು, ಜನ ಅಲ್ಲ! ಡಚ್ಚರು ಬೋನಸ್ಸಿಗೆ ಸಂಬಳದ ಶೇ 20ರ ಮಿತಿ ಹಾಕಿದ್ದಾರೆ, ಯಾವ ಬ್ಯಾಂಕರ್ ಸುಮ್ನೆ ಹೋಗುತ್ತಾನೆ?

ಇನ್ನೊಂದು. ಬ್ಯಾಂಕುಗಳಿಗೆ ನಿಯಮ ಮಾಡುವ ಯುರೋಪಿಯನ್ ಬ್ಯಾಂಕಿಂಗ್ ಪ್ರಾಧಿಕಾರದ ಕಚೇರಿ ಲಂಡನ್ನಿನಿಂದ ಎಲ್ಲಿಗೆ ಹೋಗಬೇಕು ಎಂದು ಒಕ್ಕೂಟದ ದೇಶಗಳು 2017ರ ನವೆಂಬರಿನಲ್ಲಿ ಮತ ಹಾಕಿದವು. ಕೊನೆಗೆ ಪ್ಯಾರಿಸ್, ಡಬ್ಲಿನ್ ಸಮಸಮ. ಚೀಟಿ ಎತ್ತಿದರು, ಪ್ಯಾರಿಸ್ ಬಂತು. ನಮ್ಮೂರ ಚೀಟಿ ವ್ಯವಹಾರ ನೆನಪಾಗಿ ನಾನು ಆಫೀಸಿನಲ್ಲಿ ಒಬ್ಬನೇ ನಗುತ್ತಿದ್ದೆ.

ಹೌನ್ಸ್ಲೋ_ಅಣ್ಣ:
ಮೈನ್ ದಂಡೆಯವರು ಹೇಳಿದ್ದು ಸರಿ, ಆದರೆ ಲಂಡನ್ ಬಡವಾಗಿಲ್ಲ ಮಾರಾಯ್ರೇ. 2016ರಲ್ಲಿ 75,000 ಕೆಲಸ ಹೋಗಬಹುದು ಎಂದು ಹೆದರಿಸಿದ್ದರು. ಇವೈ ಎಂಬ ಸಲಹಾ ಸಂಸ್ಥೆ 2022ರಲ್ಲಿ ಎಣಿಸಿದಾಗ ಹೋಗಿದ್ದು ಸುಮಾರು 7,000. ವಿದೇಶಿ ವಿನಿಮಯದಲ್ಲಿ ಅದೇ ವರ್ಷ ಜಗತ್ತಿನ ಶೇ 38 ಲಂಡನ್ನಿನಲ್ಲೇ ನಡೆಯುತ್ತಿತ್ತು. 2019ರಲ್ಲಿ ಶೇ 43 ಇತ್ತು, ಇಳಿದಿದ್ದು ಸುಳ್ಳಲ್ಲ. ಸ್ವಾಪ್ ಅಂದರೆ ಇಬ್ಬರು ಬಡ್ಡಿ ಪಾವತಿಯನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದ. ಯೂರೋ ಸ್ವಾಪ್‌ಗಳ ಕ್ಲಿಯರಿಂಗ್, ಅಂದರೆ ಆ ಇಬ್ಬರ ನಡುವೆ ನಿಂತು ಲೆಕ್ಕ ಚುಕ್ತಾ ಮಾಡುವ ಕೆಲಸ ಕೂಡ ಬಹುಪಾಲು ಲಂಡನ್ನಿನ ಎಲ್‌ಸಿಎಚ್ ಸಂಸ್ಥೆಯಲ್ಲೇ. ಅದನ್ನು ಎಳೆದುಕೊಳ್ಳಬೇಕೆಂದು ಒಕ್ಕೂಟದವರಿಗೆ ಆಸೆ ಇದೆ, ಧೈರ್ಯ ಇಲ್ಲ. ತಮ್ಮ ಬ್ಯಾಂಕುಗಳು ಲಂಡನ್ನಿನಲ್ಲಿ ಕ್ಲಿಯರಿಂಗ್ ಮಾಡಿಸಲು ಕೊಟ್ಟ ಅನುಮತಿಯನ್ನು 2028ರ ಜೂನ್‌ವರೆಗೆ ವಿಸ್ತರಿಸಿದ್ದಾರೆ. ನನಗೆ ಕಾಣುವ ಚಿಂತೆ ಬೇರೆ. ಚಿಪ್ ವಿನ್ಯಾಸ ಮಾಡುವ ಕೇಂಬ್ರಿಡ್ಜಿನ ಆರ್ಮ್ ಕಂಪನಿ 2023ರಲ್ಲಿ ಷೇರು ಬಿಟ್ಟಿದ್ದು ನ್ಯೂಯಾರ್ಕಿನಲ್ಲಿ. ಇಲ್ಲಿ ನಾವು ಪ್ಯಾರಿಸ್ಸಾ ಫ್ರಾಂಕ್‌ಫರ್ಟಾ ಎಂದು ಕಿತ್ತಾಡುತ್ತಿದ್ದರೆ ಬೆಣ್ಣೆ ತಿಂದಿದ್ದು ಅಮೆರಿಕದ ಕೋತಿ.

ಮೈನ್_ನದಿ_ದಂಡೆ:
ಕೋತಿ ವಿಚಾರ ಒಪ್ಪಿದೆ. ಜಯನಗರದವರೇ, ನಿಮ್ಮ ಡೆಸ್ಕಿನ ಗಿರಾಕಿಗಳು ಯಾರು? ಊರಿಗಿಂತ ಅದು ಮುಖ್ಯ.

ಜಯನಗರ_ನಾಲ್ಕನೇ_ಬ್ಲಾಕ್:
ಬಡ್ಡಿ ದರದ ಸ್ವಾಪ್. ಗಿರಾಕಿಗಳು ಜಾಸ್ತಿ ಜರ್ಮನ್, ಇಟಾಲಿಯನ್ ಕಂಪನಿಗಳು.

ಮೈನ್_ನದಿ_ದಂಡೆ:
ಹಾಗಾದರೆ ಇಲ್ಲಿಗೇ ಬನ್ನಿ. ಲಂಡನ್ನಿಗೆ ಹೋದರೂ ಆ ಸ್ವಾಪ್‌ಗಳ ರಿಸ್ಕ್ ನೋಡುವವನು ಇಲ್ಲಿರಲಿ ಎಂದು ಇಸಿಬಿ ನಾಳೆ ಕೇಳಬಹುದು, ಆಗ ಮತ್ತೆ ಗಂಟುಮೂಟೆ. ಜರ್ಮನ್ ಪಾಠ ಇವತ್ತೇ ಶುರು ಮಾಡಿ, ಆಫೀಸಿಗಲ್ಲ, ಮನೆ ಬಾಡಿಗೆಯ ಕಾಗದ ಓದಲಿಕ್ಕೆ. ಭಾನುವಾರ ಅಂಗಡಿ ತೆಗೆಯುವುದಿಲ್ಲ, ಮೊಸರು ಶನಿವಾರವೇ ತಂದಿಟ್ಟುಕೊಳ್ಳಿ.